ಒಂದು ಮನೆ ಸರಿದ ರಾಜ

ಜಿಲ್ಲಾ ಜೂನಿಯರ್ ಹೆಣ್ಣುಮಕ್ಕಳ ಚೆಸ್ ಚಾಂಪಿಯನ್‌ಶಿಪ್ ಆ ವರ್ಷ ಬನಹಟ್ಟಿಯಲ್ಲಿ, ನೇಕಾರರ ಸಮುದಾಯ ಭವನದಲ್ಲಿ ನಡೆಯಿತು. ಭವನದ ಮೂರೂ ಕಡೆ ಪವರ್‌ಲೂಮಿನ ಮನೆಗಳು. ಹೊರಗಿನಿಂದ ಬಂದ ಮಕ್ಕಳು ಮೊದಲ ದಿನ ಎರಡೂ ಕಿವಿಗೆ ಕೈಹಚ್ಚಿ ಕೂತು ಆಡಿದ್ದರು. ಮರುದಿನದ ಹೊತ್ತಿಗೆ ಮಗ್ಗದ ಸದ್ದು ಯಾರ ಗಮನಕ್ಕೂ ಬರದ ಹಾಗಾಗಿತ್ತು.

ಕೊನೆಯ ಸುತ್ತಿಗೆ ಮುಂಚೆ ಎಲ್ಲರಿಗಿಂತ ಮುಂದಿದ್ದವಳು ಮುಧೋಳದ ಸಂಘಮಿತ್ರಾ. ಪಿಯುಸಿ ಎರಡನೇ ವರ್ಷ. ಬರುವ ವರ್ಷ ಅವಳಿಗೆ ಜೂನಿಯರ್ ವಯಸ್ಸು ಮೀರುತ್ತಿತ್ತು. ಗೆದ್ದವರೊಬ್ಬರಿಗೆ ಮಾತ್ರ ರಾಜ್ಯಮಟ್ಟದ ಅವಕಾಶ; ಹಿಂದೆ ಎರಡು ಸಲ ಅವಳು ಅಲ್ಲಿಯ ಬಾಗಿಲತನಕ ಹೋಗಿ ಹಿಂದೆ ಬಂದಿದ್ದಳು. ಈ ಸಲ ಕೊನೆಯ ಆಟ ಡ್ರಾ ಆದರೂ ಸಾಕಿತ್ತು.

ಅವಳ ಅಪ್ಪ ಶಿವಾಜಿ ಮುಧೋಳದ ಪೋಸ್ಟ್ ಆಫೀಸಿನಲ್ಲಿ ನೌಕರ. ಜಮಖಂಡಿಯ ಹಾಸ್ಟೆಲ್ಲಿನಲ್ಲಿದ್ದು ಓದುವಾಗ ಚೆಸ್ ಕಲಿತವನು. ಮಗಳಿಗೆ ಆನೆ, ಒಂಟೆ, ಕುದುರೆಗಳ ನಡಿಗೆ ಕಲಿಸಿದವನೂ ಅವನೇ. ಆಕೆ ಎಂಟನೇ ಇಯತ್ತೆಗೆ ಬಂದ ಮೇಲೆ ಅವನು ಅವಳನ್ನು ಒಮ್ಮೆಯೂ ಗೆದ್ದಿರಲಿಲ್ಲ. ಆಗಿನಿಂದ ಬಸ್ಸು, ಊಟ, ನೀರಿನ ಬಾಟಲಿ, ಇಷ್ಟು ಅವನ ಪಾಲಿಗೆ. ಆದರೂ ಆಟಕ್ಕೆ ಮುಂಚೆ ಒಂದು ಮಾತು ಹೇಳುವ ಹಕ್ಕನ್ನು ಅವನು ಬಿಟ್ಟುಕೊಟ್ಟಿರಲಿಲ್ಲ.

ಭವನದ ಹೊರಗೆ ಬೇವಿನ ಗಿಡದ ಕೆಳಗೆ ನಿಂತು ಆ ದಿನವೂ ಹೇಳಿದ. "ಆ ಹುಡುಗಿ ಪ್ರತಿ ಸಲ ಮೆತ್ತಗ ಶುರು ಮಾಡ್ತಾಳ. ನಾ ನೋಡೇನಿ. ನೀನೂ ಮೆತ್ತಗ ಆಡು. ಎಲ್ಲಾ ಕಾಯಿ ಹೊಡಕೊಂಡ ಹೋಗ್ಲಿ, ಡ್ರಾ ಆಗ್ಲಿ. ಪುಕ್ಕಟ ಏನರ ಕೊಟ್ರ ತಗೋಬ್ಯಾಡ."

"ಆತಪ್ಪಾ," ಅಂದಳು ಸಂಘಮಿತ್ರಾ.

ಎದುರಿಗೆ ಆಡಬೇಕಿದ್ದ ಆ ಹುಡುಗಿ ರಬಕವಿಯ ದಾನಮ್ಮ. ಏಳನೇ ಇಯತ್ತೆ. ಮನೆಯಲ್ಲಿ ನಾಲ್ಕು ಮಗ್ಗ ನಡೆಸುವ ಮಲ್ಲಿನಾಥನ ಮಗಳು. ಟೂರ್ನಿಗೆ ಅವಳನ್ನು ಕರೆದುಕೊಂಡು ಬಂದದ್ದು ಸೋದರತ್ತೆ ಲಕ್ಷ್ಮವ್ವ. ದಾನಮ್ಮ ಕುರ್ಚಿಯ ಮೇಲೆ ಒಂದು ಕಾಲು ಮಡಚಿ ಅದರ ಮೇಲೆ ಕೂಡುತ್ತಿದ್ದಳು. ಹಾಗೆ ಕೂತರೆ ಮಾತ್ರ ಹಲಗೆಯ ಆ ತುದಿ ಅವಳ ಕೈಗೆ ಸಿಗುತ್ತಿತ್ತು. ಅವಳು ಸದ್ದಿಲ್ಲದೆ ಒಂದೊಂದೇ ಆಟ ಗೆಲ್ಲುತ್ತ ಎರಡನೇ ಸ್ಥಾನಕ್ಕೆ ಬಂದದ್ದು, ಗೋಡೆಗೆ ಕೊನೆಯ ಸುತ್ತಿನ ಜೋಡಿಗಳನ್ನು ಅಂಟಿಸಿದಾಗಲೇ ಹಲವರಿಗೆ ಗೊತ್ತಾದದ್ದು.

ದಾನಮ್ಮನಿಗೆ ಬಿಳಿ ಕಾಯಿ. ಜಮಖಂಡಿಯಿಂದ ಬಂದಿದ್ದ ತೀರ್ಪುಗಾರ ಜ್ಞಾನೇಶ್ವರ ಸರ್ ಗಡಿಯಾರ ಒತ್ತಿ ಶುರು ಮಾಡಿಸಿದರು. ರಾಜನ ಮುಂದಿನ ಪ್ಯಾದೆಗಳು ಎದುರುಬದುರು ಬಂದು ನಿಂತವು. ಕುದುರೆಗಳು ಹೊರಬಂದವು. ಒಂಟೆಗಳೂ ಬಂದವು. ಇದು ಇಟಾಲಿಯನ್ ಅನ್ನುವ ಹಳೆಯ ಆರಂಭ. ಚೆಸ್ ಕ್ಲಾಸಿಗೆ ಹೋಗುವ ಯಾವ ಮಗುವಿಗಾದರೂ ಗೊತ್ತಿರುವಂಥದು. ದಾನಮ್ಮ ಈ ಟೂರ್ನಿಯಲ್ಲಿ ಬಿಳಿ ಹಿಡಿದಾಗಲೆಲ್ಲ ಇದನ್ನೇ ಆಡಿದ್ದಳು. ಮುಂದೆ ಅವಳು ಒಂದು ಪ್ಯಾದೆಯನ್ನು ಒಂದೇ ಮನೆ ತಳ್ಳುತ್ತಾಳೆ, ಆಮೇಲೆ ಇನ್ನೊಂದನ್ನು ಒಂದೇ ಮನೆ. ಸಂಘಮಿತ್ರಾ ಅದಕ್ಕೆ ಉತ್ತರ ಸಿದ್ಧ ಮಾಡಿಕೊಂಡೇ ಬಂದಿದ್ದಳು.

ದಾನಮ್ಮ ಎಡಗಡೆಯ ಒಂದು ಪ್ಯಾದೆಯನ್ನು ಎತ್ತಿ, ಎರಡು ಮನೆ ಮುಂದೆ, ಸಂಘಮಿತ್ರಾಳ ಒಂಟೆಯ ಬಾಯಿಗೇ ತಂದಿಟ್ಟಳು.

ಸಂಘಮಿತ್ರಾ ತಲೆಯೆತ್ತಿ ನೋಡಿದಳು. ಹುಡುಗಿಯ ಕಣ್ಣು ಹಲಗೆಯ ಮೇಲೇ ಇದ್ದವು.

ಇದಕ್ಕೂ ಹೆಸರಿದೆ, ಇವಾನ್ಸ್ ಗ್ಯಾಂಬಿಟ್ ಅಂತ. ಶುರುವಿನಲ್ಲೇ ಒಂದು ಪ್ಯಾದೆ ದಾನ ಕೊಟ್ಟು, ಅದರ ಬದಲಿಗೆ ವೇಗ ತಗೊಳ್ಳುವ ಆಟ. ಸಂಘಮಿತ್ರಾ ಇದನ್ನು ಮೊಬೈಲಿನಲ್ಲಿ ನೋಡಿದ್ದಳು, ಎದುರಿಗೆ ಯಾರೂ ಆಡಿರಲಿಲ್ಲ. ಅಪ್ಪ ಹೇಳಿದ್ದು ನೆನಪಿತ್ತು. ಒಂಟೆಯನ್ನು ಹಿಂದಕ್ಕೆ ಸರಿಸಿದ್ದರೆ ಆಟ ಮೆತ್ತಗೇ ಸಾಗುತ್ತಿತ್ತು. ಆದರೆ ಏಳನೇ ಇಯತ್ತೆಯ ಹುಡುಗಿ ಒಡ್ಡಿದ್ದಕ್ಕೆ ಹೆದರಿ ಹಿಂದೆ ಸರಿಯಲು ಅವಳ ಕೈ ಒಪ್ಪಲಿಲ್ಲ. ಪ್ಯಾದೆಯನ್ನು ಹೊಡೆದಳು.

ದಾನಮ್ಮ ಇನ್ನೊಂದು ಪ್ಯಾದೆಯಿಂದ ಒಂಟೆಯನ್ನು ಓಡಿಸಿದಳು, ನಡುವಿನ ಪ್ಯಾದೆಯನ್ನು ನುಗ್ಗಿಸಿದಳು, ಅದನ್ನೂ ಹೊಡೆಯಲು ಬಿಟ್ಟಳು, ತನ್ನ ರಾಜನಿಗೆ ಕೋಟೆ ಕಟ್ಟಿದಳು. ಸಂಘಮಿತ್ರಾಳ ಬಳಿ ಈಗ ಎರಡು ಪ್ಯಾದೆ ಹೆಚ್ಚಿಗಿದ್ದವು. ಅವಳೂ ಕೋಟೆ ಕಟ್ಟಿಕೊಂಡಳು. ಓಡಿಸಿಕೊಂಡ ಒಂಟೆಯನ್ನು ತನ್ನ ಬಲಬದಿಯ ಓರೆ ಓಣಿಯಲ್ಲಿ ನಿಲ್ಲಿಸಿದಳು, ಅದರ ಮುಂದೆ ಹಲಗೆಯ ನಡುವೆ ಒಂದು ಕುದುರೆ ನಿಲ್ಲಿಸಿದಳು. ಎಲ್ಲ ಸರಿಯಾಗಿಯೇ ಇದೆ ಅನಿಸಿತು. ನೋಡುವವರನ್ನು ತಡೆಯಲು ಕಟ್ಟಿದ ಹಗ್ಗದ ಆಚೆ ನಿಂತಿದ್ದ ಶಿವಾಜಿ ಹೆಚ್ಚಿನ ಪ್ಯಾದೆಗಳನ್ನು ಎಣಿಸಿ, ನೀರಿನ ಬಾಟಲಿಯನ್ನು ಕಂಕುಳಲ್ಲಿ ಇಟ್ಟುಕೊಂಡು ನಿರಾಳವಾಗಿ ನಿಂತ.

ಆದರೆ ನಡೆ ನಡೆಗೂ ಬಿಳಿ ಕಾಯಿಗಳು ಸಂಘಮಿತ್ರಾಳ ರಾಜನ ಕಡೆಗೆ ಬರತೊಡಗಿದವು. ಕುದುರೆ ನಡುಮನೆಗೆ ಏರಿತು. ರಾಣಿ ಬಲಗಡೆಯ ಅಂಚಿಗೆ ಬಂತು. ಒಂದು ಆನೆ ಮುಂದಕ್ಕೆ ಬಂದು, ಅಡ್ಡ ಸಾಲಿನಲ್ಲಿ ಸರಿಯಲು ಸಿದ್ಧವಾಗಿ ನಿಂತಿತು. ಸಂಘಮಿತ್ರಾ ತನ್ನ ಆನೆಯನ್ನು ರಾಜನ ಪಕ್ಕದಿಂದ ಸರಿಸಿ ಆ ಕುದುರೆಗೆ ಎದುರು ಹಾಕಿದಳು. ಗಡಿಯಾರ ಒತ್ತಿದ ಮೇಲೆ ಹಲಗೆ ನೋಡಿದಳು.

ಆಗ ಕರೆಂಟು ಹೋಯಿತು.

ಊರಿನ ಮಗ್ಗಗಳೆಲ್ಲ ಒಟ್ಟಿಗೆ ನಿಂತವು. ಫ್ಯಾನುಗಳು ನಿಧಾನಕ್ಕೆ ತಿರುಗಿ ನಿಂತವು. ಆಗ ಭವನದೊಳಗೆ ಇಷ್ಟು ಜನ ಉಸಿರಾಡುತ್ತಿದ್ದಾರೆ ಅನ್ನುವುದು ಎಲ್ಲರಿಗೂ ಗೊತ್ತಾಯಿತು. ಕಿಟಕಿಯ ಬೆಳಕು ಸಾಲುತ್ತಿತ್ತು, ಗಡಿಯಾರಗಳು ಬ್ಯಾಟರಿಯವು. "ಆಟ ಮುಂದುವರಿಸ್ರಿ," ಅಂದರು ಜ್ಞಾನೇಶ್ವರ ಸರ್, ಮೆಲ್ಲಗೆ.

ಆ ನಿಶ್ಶಬ್ದದಲ್ಲಿ ಸಂಘಮಿತ್ರಾಗೆ ಅದು ಕಂಡಿತು.

ಬಿಳಿ ರಾಣಿ ಬಂದು ತನ್ನ ಕಪ್ಪು ರಾಜನ ಪಕ್ಕದ ಪ್ಯಾದೆಯನ್ನು ಹೊಡೆಯುತ್ತದೆ. ರಾಣಿಯನ್ನೇ ಕೊಟ್ಟುಬಿಡುವ ಹೊಡೆತ. ರಾಜ ಆಚೆ ಸರಿಯೋಣವೆಂದರೆ, ಆನೆ ಬಿಟ್ಟುಹೋದ ಮನೆಯನ್ನು ಹಲಗೆಯ ಆ ತುದಿಯಿಂದ ಬಿಳಿ ಒಂಟೆಯೊಂದು ಕಾಯುತ್ತಿದೆ. ಹಾಗಾಗಿ ರಾಣಿಯನ್ನು ಹೊಡೆಯಲೇಬೇಕು. ಹೊಡೆದರೆ ಆನೆ ಅಡ್ಡ ಬಂದು ಚೆಕ್ ಕೊಡುತ್ತದೆ. ರಾಜ ಹಿಂದೆ ಹೋಗಬೇಕು. ಆಗ ಬಿಳಿ ಕುದುರೆ ಹಾರಿ ರಾಜನ ಮುಂದೆಯೇ ಬಂದು ಕೂಡುತ್ತದೆ. ಅದನ್ನು ಹೊಡೆಯಬಹುದಾದ ಪ್ಯಾದೆ ಅಲುಗುವಂತಿಲ್ಲ. ಅಲುಗಿದರೆ ಇನ್ನೊಂದು ಬಿಳಿ ಒಂಟೆಗೆ ರಾಜ ಸಿಕ್ಕುತ್ತಾನೆ. ಆಮೇಲೆ ಆನೆ ಕೆಳಗಿನ ಮೂಲೆಗೆ ಇಳಿದರೆ ಮುಗಿಯಿತು.

ಸಂಘಮಿತ್ರಾ ಮುಖದಲ್ಲಿ ಏನೂ ತೋರಿಸಬಾರದೆಂದು ಮೇಜಿನ ಮೇಲಿದ್ದ ಲೋಟದ ನೀರು ಕುಡಿದಳು. ಅಕಿಗೆ ಕಾಣದಿರಲಿ ಅಂತ ಮನಸ್ಸಿನಲ್ಲೇ ಬೇಡಿಕೊಂಡಳು. ದಾನಮ್ಮ ಮಡಚಿದ ಕಾಲನ್ನು ಬದಲಿಸಿ, ಗಲ್ಲವನ್ನು ಮೇಜಿನ ಅಂಚಿಗೆ ಹಚ್ಚಿ, ಹಲಗೆಯನ್ನು ಕಾಯಿಗಳ ಎತ್ತರದಿಂದ ನೋಡತೊಡಗಿದಳು.

ಅವಳು ಬಹಳ ಹೊತ್ತು ಯೋಚಿಸಿದಳು. ಸಂಘಮಿತ್ರಾಗೆ ಮಾಡಲು ಏನೂ ಇರಲಿಲ್ಲ. ಕಂಡದ್ದನ್ನೇ ಮತ್ತೆ ಮತ್ತೆ ನೋಡಿದಳು. ತಪ್ಪು ಸಿಕ್ಕೀತೆಂದು ಹುಡುಕಿದರೂ ಸಿಗಲಿಲ್ಲ. ಆ ಕಾಯುವ ಒಂಟೆಯ ದಾರಿಯನ್ನು ಹಿಂದಕ್ಕೆ ಹಿಡಿದು ನೋಡಿದಳು. ಅದು ಬಂದದ್ದು, ಶುರುವಿನಲ್ಲಿ ಕೊಟ್ಟ ಪ್ಯಾದೆ ಖಾಲಿ ಮಾಡಿದ ದಾರಿಯಲ್ಲಿ. ಆ ಪ್ಯಾದೆಯನ್ನು ಅಲ್ಲಿಂದ ತೆಗೆದದ್ದು ತಾನೇ. ಆಮೇಲೆ ಕೊಟ್ಟ ಪ್ಯಾದೆಯೂ ಹಾಗೆಯೇ ಇನ್ನೊಂದು ದಾರಿ ತೆಗೆದಿತ್ತು. ಈ ಹಲಗೆಯಲ್ಲಿ ಸುಮ್ಮನೆ ನಿಂತ ಬಿಳಿ ಕಾಯಿ ಒಂದೂ ಇರಲಿಲ್ಲ. ಎಲ್ಲವೂ ಒಂದೇ ಕಡೆ ಮುಖ ಮಾಡಿದ್ದವು, ಮೊದಲಿಂದಲೂ ಅಲ್ಲಿಗೇ ಹೊರಟಿದ್ದವರ ಹಾಗೆ.

ಇಷ್ಟು ವರ್ಷ ಆಡಿದ ಚೆಸ್ಸಿನಲ್ಲಿ ಅವಳು ಇಂಥದನ್ನು ಎದುರಿಗೆ ಕಂಡಿರಲಿಲ್ಲ. ಮೊಬೈಲಿನಲ್ಲಿ ಕಂಡದ್ದು ಯಾರದೋ ಆಟ, ಸತ್ತು ಎಷ್ಟೋ ಕಾಲವಾದವರದು. ಇದು ಈಗ, ಬನಹಟ್ಟಿಯಲ್ಲಿ, ಪ್ಲಾಸ್ಟಿಕ್ ಕಾಯಿಗಳ ಮೇಲೆ ಬಂದು ನಿಂತಿತ್ತು. ನೋಡುತ್ತ ನೋಡುತ್ತ ಅವಳ ಬೇಡಿಕೆ ತಿರುಗಿಬಿದ್ದಿತು. ಅದು ಯಾವಾಗ ತಿರುಗಿತೋ ಅವಳಿಗೂ ತಿಳಿಯಲಿಲ್ಲ. ಕಾಣಲಿ, ಅಂದುಕೊಳ್ಳುತ್ತಿದ್ದಳು. ಇದನ್ನು ಬಿಟ್ಟು ಅಕಿ ಬೇರೆ ಏನೋ ಆಡಿದರೆ, ಇದು ಇತ್ತು ಅನ್ನುವುದು ನನಗೊಬ್ಬಳಿಗೇ ಗೊತ್ತಿರುತ್ತದೆ. ಅದನ್ನು ಹೊತ್ತುಕೊಂಡು ಮುಧೋಳಕ್ಕೆ ಹೋಗುವುದು ಹೇಗೆ?

ದಾನಮ್ಮ ಕೈಯೆತ್ತಿದಳು. ಕೈ ರಾಣಿಯ ಮೇಲೆ ಬಂತು, ಮುಟ್ಟದೆ ಅಲ್ಲೇ ನಿಂತಿತು, ಹಿಂದೆ ಹೋಯಿತು. ಆಮೇಲೆ ಅವಳು ತನ್ನ ರಾಜನನ್ನು ಹಿಡಿದು ಒಂದು ಮನೆ ಮೂಲೆಗೆ ಸರಿಸಿ ಗಡಿಯಾರ ಒತ್ತಿದಳು.

ಉಳಿದುಕೊಂಡೆ ಅನ್ನುವ ಸಮಾಧಾನ ಸಂಘಮಿತ್ರಾಗೆ ಬರಬೇಕಿತ್ತು, ಬರಲಿಲ್ಲ. ಅಕಿಗೆ ಕಾಣಲಿಲ್ಲ ಅನ್ನುವ ಸಂಕಟವೇ ಬಂತು. ಅಷ್ಟು ಹೊತ್ತು ಕೂತು ಕೊನೆಗೆ ಒಂದು ಅಂಜುಬುರುಕ ನಡೆ. ರಾಜನನ್ನು ಮೂಲೆಗೆ ಅಡಗಿಸುವ ನಡೆ.

ಸರಿ, ಈಗ ನನ್ನ ಸರದಿ, ಅಂದುಕೊಂಡು ಆ ಹೊಡೆತಕ್ಕೆ ತಡೆ ಹುಡುಕಲು ಕೂತಳು. ರಾಜನ ಪಕ್ಕದ ಪ್ಯಾದೆಯನ್ನು ತಳ್ಳಿದರೆ ಇನ್ನೊಂದು ಪ್ಯಾದೆ ಬಿದ್ದು ಕೋಟೆ ಮುರಿಯುತ್ತದೆ. ಆನೆಯಿಂದ ಬಿಳಿ ಕುದುರೆಯನ್ನು ಹೊಡೆದರೆ ಬಿಳಿಯ ಇನ್ನೊಂದು ಆನೆಗೆ ದಾರಿ ತೆರೆಯುತ್ತದೆ. ಹಾಗಾದರೆ ನಡುವಿನ ಕುದುರೆಯನ್ನು ತೆಗೆದು ರಾಜನ ಕಡೆ ತರೋಣವೆಂದು ಅದರ ಮೇಲೆ ಕಣ್ಣಿಟ್ಟಳು. ಆಗ ಅವಳಿಗೆ ಇನ್ನೊಂದು ಕಂಡಿತು.

ಆ ಕುದುರೆಯ ಬೆನ್ನಿಗೆ ಅವಳದೇ ಒಂಟೆ ನಿಂತಿತ್ತು. ಅದರ ನೇರಕ್ಕೆ, ಓಣಿಯ ಆ ತುದಿಯಲ್ಲಿ, ಸ್ವಲ್ಪ ಹೊತ್ತಿನ ಹಿಂದಿನವರೆಗೆ ಬಿಳಿ ರಾಜ ಇದ್ದ. ದಾನಮ್ಮ ಆಗಲೇ ರಾಣಿಯಿಂದ ಹೊಡೆದಿದ್ದರೆ, ಕೊನೆಯ ಹೊಡೆತಕ್ಕೆ ಮುಂಚೆ ತನಗೆ ಒಂದು ಬಿಡುವು ಸಿಗುತ್ತಿತ್ತು. ಆ ಬಿಡುವಿನಲ್ಲಿ ಕುದುರೆ ಎತ್ತಿದ್ದರೆ, ಕದ ತೆಗೆದ ಹಾಗೆ, ಹಿಂದಿನ ಒಂಟೆಯಿಂದ ಬಿಳಿ ರಾಜನಿಗೆ ಚೆಕ್. ಅವನು ಸರಿಯುವಷ್ಟರಲ್ಲಿ ಅದೇ ಕುದುರೆ ಇನ್ನೊಂದು ನೆಗೆತಕ್ಕೆ ತನ್ನ ರಾಜನ ಪಕ್ಕಕ್ಕೆ ಬಂದು ಆನೆಗೆ ಅಡ್ಡ ನಿಲ್ಲುತ್ತಿತ್ತು. ದಾನಮ್ಮ ರಾಣಿ ಕಳೆದುಕೊಂಡು ಸೋಲುತ್ತಿದ್ದಳು.

ತನ್ನ ರಾಜನನ್ನೇ ನೋಡುತ್ತ ಕೂತಿದ್ದ ಸಂಘಮಿತ್ರಾಗೆ ಆ ದಾರಿ ಕಂಡೇ ಇರಲಿಲ್ಲ. ಅವಳು ಮನಸೋತ ಆ ಹೊಡೆತದಲ್ಲಿ ತೂತು ಇತ್ತು. ಆ ತೂತು ದಾನಮ್ಮನಿಗೆ ಕಂಡಿತ್ತು. ಅದಕ್ಕೇ ಮುಟ್ಟಹೋದ ರಾಣಿಯನ್ನು ಬಿಟ್ಟು, ರಾಜನನ್ನು ಒಂದು ಮನೆ ಸರಿಸಿ, ತೂತು ಮುಚ್ಚಿದ್ದಳು. ಮುಚ್ಚಿ, ಒಂದು ಪೂರ್ತಿ ನಡೆಯನ್ನು ಎದುರಾಳಿಯ ಕೈಗೆ ಕೊಟ್ಟಿದ್ದಳು. ತಗೋ, ನಿನಗೆ ಬೇಕಾದ್ದು ಮಾಡಿಕೋ, ಅಂದ ಹಾಗೆ.

ಸಂಘಮಿತ್ರಾ ಬೇಕಾದ್ದನ್ನೆಲ್ಲ ಹುಡುಕಿದಳು. ತನ್ನ ಒಂದೊಂದು ಕಾಯಿಯನ್ನೂ ಮನಸ್ಸಿನಲ್ಲಿ ಎತ್ತಿ ಎಲ್ಲೆಲ್ಲಿ ಇಡಬಹುದೋ ಇಟ್ಟು ನೋಡಿದಳು. ಯಾವುದೂ ಸಾಲಲಿಲ್ಲ. ಕೆಲವು ನಡೆಗಳಲ್ಲಿ ಸೋಲು ಬೇಗ, ಕೆಲವುದರಲ್ಲಿ ಎಳೆದಾಡಿ ಎಳೆದಾಡಿ. ಹಲಗೆ ತುಂಬ ಕಾಯಿಗಳಿದ್ದವು, ಎರಡು ಪ್ಯಾದೆ ಹೆಚ್ಚಿಗೆ ಇದ್ದವು, ನಡೆ ತನ್ನದೇ ಇತ್ತು. ಆದರೂ ಏನೂ ಮಾಡಲು ಬರುತ್ತಿರಲಿಲ್ಲ. ಅವಳು ಕೈ ಕಟ್ಟಿಕೊಂಡು ಆ ಮೂಲೆಯ ಬಿಳಿ ರಾಜನನ್ನು ನೋಡಿದಳು. ಯಾರನ್ನೂ ಹೊಡೆಯದ, ಯಾರನ್ನೂ ಹೆದರಿಸದ ನಡೆ. ಹೊಳೆಗೆ ಮಹಾಪೂರ ಬಂದ ವರ್ಷ ಅನಗವಾಡಿಯ ಸೇತುವೆಯ ಮೇಲೆ ಅಪ್ಪನ ಕೈ ಹಿಡಿದು ನಿಂತಾಗ ನೀರಿನ ಎದುರು ಹೀಗೆಯೇ ಮಾತು ನಿಂತುಹೋಗಿತ್ತು. ಅದಾದ ಮೇಲೆ ಹಾಗಾದದ್ದು ಇವತ್ತೇ.

ಅವಳಿಗೆ ಎರಡು ದಾರಿಯಿದ್ದವು. ಈಗಲೇ ಕೈಕೊಟ್ಟು ಸೋಲೊಪ್ಪಿ ಎದ್ದುಹೋಗಬಹುದು. ದೊಡ್ಡ ಆಟಗಾರರು ಹಾಗೇ ಮಾಡುತ್ತಾರೆ. ಇಲ್ಲವೇ ಆಡಬಹುದು. ಆಡಿದರೆ ಅದು ಹಲಗೆಯ ಮೇಲೆ ಬರುತ್ತದೆ, ಹಗ್ಗದ ಆಚೆ ನಿಂತವರಿಗೂ ಕಾಣುತ್ತದೆ. ಅವಳು ಮೂಲೆಯಲ್ಲಿದ್ದ ಇನ್ನೊಂದು ಆನೆಯನ್ನು ಒಂದು ಮನೆ ಸರಿಸಿ ಗಡಿಯಾರ ಒತ್ತಿದಳು.

ದಾನಮ್ಮ ಈ ಸಲ ಯೋಚಿಸಲಿಲ್ಲ. ರಾಣಿಯನ್ನು ಎತ್ತಿದಳು. ಪ್ಯಾದೆಯನ್ನು ತೆಗೆಯುವಾಗ ಅದು ಮೇಜಿನ ಮೇಲೆ ಉರುಳಿತು.

ಹಗ್ಗದ ಆಚೆ ಶಿವಾಜಿ, ಹುಡುಗಿ ರಾಣಿಯನ್ನು ತಂದು ರಾಜನ ಬಾಯಿಗೆ ಕೊಟ್ಟದ್ದನ್ನು ಕಂಡು, ಖುಷಿಗೆ ಮುಷ್ಟಿ ಬಿಗಿಹಿಡಿದು ಎದೆಗೆ ತಂದುಕೊಂಡ. ಪಕ್ಕದಲ್ಲಿದ್ದ ಲಕ್ಷ್ಮವ್ವನಿಗೆ ಚೆಸ್ ಗೊತ್ತಿರಲಿಲ್ಲ. ಅವನ ಮುಷ್ಟಿ ನೋಡಿ, "ನಮ್ಮ ಹುಡುಗಿ ಸೋತಳೇನ್ರಿ?" ಅಂದಳು.

"ಸಣ್ಣಾಕಿ ಅದಾಳ್ರಿ, ತಪ್ಪ ಆಗ್ತಾವು," ಅಂದ ಶಿವಾಜಿ, ಅವಳಿಗೆ ನೋವಾಗದ ಹಾಗೆ.

ಸಂಘಮಿತ್ರಾ ರಾಣಿಯನ್ನು ಹೊಡೆದಳು. ಆನೆ ಅಡ್ಡ ಬಂತು. ರಾಜ ಹಿಂದೆ ಹೋದ. ಕುದುರೆ ಹಾರಿ ಮುಂದೆ ಕೂತಿತು. ಶಿವಾಜಿಯ ಮುಷ್ಟಿ ಮೆಲ್ಲಗೆ ಸಡಿಲಾಯಿತು. ಸಂಘಮಿತ್ರಾ ನಡುವಿನ ಕುದುರೆಯನ್ನು ಎತ್ತಿ ಒಂಟೆಯ ದಾರಿ ತೆಗೆದಳು. ಓಣಿಯ ಆ ತುದಿಯ ಮನೆ ಖಾಲಿಯಿತ್ತು. ದಾನಮ್ಮ ಆನೆಯನ್ನು ಕೆಳಗಿನ ಮೂಲೆಗೆ ಇಳಿಸಿ, "ಚೆಕ್‌ಮೇಟ್ ರಿ," ಅಂದಳು. ಯಾರೋ ಮಲಗಿರುವ ಮನೆಯಲ್ಲಿ ಮಾತಾಡುವಷ್ಟು ಸಣ್ಣ ದನಿಯಲ್ಲಿ.

ಜ್ಞಾನೇಶ್ವರ ಸರ್ ಬಂದು ಹಲಗೆ ನೋಡಿದರು. ಅಂಕ ಬರೆಯಲು ಹಿಡಿದ ಪೆನ್ನನ್ನು ಹಾಗೇ ಹಿಡಿದು ನಿಂತರು. ಉಳಿದ ಆಟ ಮುಗಿಸಿದವರೂ ಸುತ್ತ ಬಂದರು. ಚಪ್ಪಾಳೆ ಹೊಡೆಯಬೇಕೆಂದು ಯಾರಿಗೂ ಹೊಳೆಯಲಿಲ್ಲ. ಇಬ್ಬರು ಆಟಗಾರ್ತಿಯರೂ ಕುರ್ಚಿ ಬಿಟ್ಟು ಏಳಲಿಲ್ಲ. ಹೊರಗೆ ಕರೆಂಟು ಬಂದು ಒಂದೊಂದಾಗಿ ಮಗ್ಗಗಳು ಶುರುವಾದವು.

ಸಂಘಮಿತ್ರಾ ಕೈ ಚಾಚಿದಳು. ಹುಡುಗಿಯ ಅಂಗೈ ತಣ್ಣಗಿತ್ತು.

"ಒಂದು ಕೇಳ್ತೀನಿ, ಖರೆ ಹೇಳು," ಅಂದಳು ಸಂಘಮಿತ್ರಾ. "ಪ್ಯಾದಿ ಕೊಟ್ಟಿದ್ದಿಯಲ್ಲ, ಆಗಿಂದನ ಇದು ಗೊತ್ತಿತ್ತೇನು?"

"ಇಲ್ಲರಿ ಅಕ್ಕಾ. ಆಗ ಏನೂ ಗೊತ್ತಿದ್ದಿಲ್ಲರಿ. ಡ್ರಾ ಆದ್ರ ನೀವ ಗೆಲ್ತೀರಿ ಅಂತ ಈ ಸರ್ ಹೇಳಿದ್ರು. ಅದಕ್ಕ ಕೊಟ್ಟೆ."

"ಮತ್ತ ರಾಜನ್ನ ಸರಿಸಿದ್ದು?"

"ನಿಮ್ಮ ಕುದರಿ ಹಿಂದ ಒಂಟಿ ಇತ್ತಲ್ಲರಿ." ದಾನಮ್ಮ ಬೆರಳಿನಿಂದ ಓಣಿಯನ್ನು ತೋರಿಸಿದಳು. "ಮೊದಲ ನಾ ರಾಣಿಲೆ ಹೊಡಿಯಾಕ ಹೋಗಿದ್ದೆ. ಕೈ ಮುಟ್ಟಿದ್ರ ಅದನ್ನ ಆಡಬೇಕಿತ್ತು, ಆಟ ಹೋಗಿತ್ತು. ಆಮ್ಯಾಲ ಎಲ್ಲಾ ಕಾಯಿ ಒಮ್ಮೆ ನಿಂತಂಗ ಆತು. ಸರಿಸಿದಮ್ಯಾಲ ನಂಗ ಬಾಳ ಅಂಜಿಕಿ ಬಂತ್ರಿ."

"ಅಂಜಿಕಿ ಯಾಕ? ಗೆದ್ದಿದ್ದಿಯಲ್ಲ."

"ನೀವು ಕೈಕೊಟ್ಟು ಎದ್ದ ಹೋಗ್ತೀರಿ ಅಂತ. ಹೋಗಿದ್ರ ಅದು ಆಗ್ತಿದ್ದಿಲ್ಲಲ್ಲರಿ."

ಸಂಘಮಿತ್ರಾ ಉರುಳಿದ್ದ ಪ್ಯಾದೆಯನ್ನು ಎತ್ತಿ ಅದರ ಮನೆಯಲ್ಲಿಟ್ಟಳು. ಆಮೇಲೆ ಇಬ್ಬರೂ ಕಾಯಿಗಳನ್ನು ರಾಜ ಸರಿಯುವ ಮುಂಚಿನ ಹಾಗೆ ಮತ್ತೆ ಜೋಡಿಸತೊಡಗಿದರು. ಜ್ಞಾನೇಶ್ವರ ಸರ್ ಒಂದು ಕುರ್ಚಿ ಎಳೆದುಕೊಂಡು ಪಕ್ಕದಲ್ಲಿ ಕೂತರು. ಬಹುಮಾನ ಹಂಚುವವರು ಎರಡು ಸಲ ಬಂದು ಕರೆಯಬೇಕಾಯಿತು.

ಸಂಜೆ ಅಪ್ಪ-ಮಗಳು ಬಸ್ಸು ಹಿಡಿದು ಮಹಾಲಿಂಗಪುರದಲ್ಲಿ ಇಳಿದರು. ಮುಧೋಳದ ಬಸ್ಸಿಗೆ ಇನ್ನೂ ಹೊತ್ತಿತ್ತು, ನಿಲ್ದಾಣದ ಚಹಾದಂಗಡಿಯಲ್ಲಿ ಕೂತರು. ಶಿವಾಜಿ ಮಗಳ ಎರಡನೇ ಸ್ಥಾನದ ಕಪ್ಪನ್ನು ಚೀಲದಲ್ಲಿ ಹಾಕಿ, ಚೀಲವನ್ನು ತೊಡೆಯ ಮೇಲೆ ಇಟ್ಟುಕೊಂಡಿದ್ದ. ಚಹಾ ಬಂದ ಮೇಲೆ ಹೇಳಿದ. "ತಗೋಬ್ಯಾಡ ಅಂದಿದ್ದೆ."

"ಹೌದಪ್ಪಾ. ತಗೊಂಡೆ."

"ರಾಜ್ಯಮಟ್ಟ ಹೋತು."

"ಹೋತು." ಆಟ ಮುಗಿದಾಗಿನಿಂದ ಮೊದಲ ಸಲ ಅವಳ ಕಣ್ಣಲ್ಲಿ ನೀರು ಬಂತು, ಅವಳು ಅದನ್ನು ತಡೆಯಲಿಲ್ಲ. ಶಿವಾಜಿ ಬೆನ್ನ ಮೇಲೆ ಕೈಯಿಟ್ಟ. ಸ್ವಲ್ಪ ಹೊತ್ತಾದ ಮೇಲೆ ಅವಳು ಮುಖ ಒರೆಸಿಕೊಂಡು, ಚೀಲದ ಬದಿಯಿಂದ ಸಣ್ಣ ಮಡಚುವ ಹಲಗೆ ತೆಗೆದು, ರಾಜ ಸರಿಯುವ ಮುಂಚಿನ ಹಾಗೆ ಕಾಯಿ ಜೋಡಿಸಿದಳು.

"ಅಪ್ಪಾ, ಅಕಿ ರಾಜನ್ನ ಸರಿಸಿದ್ದು ನೋಡಿದಿ?"

"ನೋಡಿದೆ. ಅಂಜಿ ಸರಿಸಿದ್ಲು ಅಂತ ತಿಳಕೊಂಡೆ."

"ನಾನೂ ಹಂಗ ತಿಳಕೊಂಡಿದ್ದೆ. ಈಗ ನೀ ದಾನಮ್ಮ. ರಾಣಿಲೆ ಹೊಡಿ, ನೋಡೋಣು."

ಶಿವಾಜಿ ರಾಣಿಯಿಂದ ಹೊಡೆದ. ಅವಳು ಕುದುರೆಯಿಂದ ತಡೆದು ತೋರಿಸಿದಳು. ಅವನು ಇನ್ನೊಂದು ರೀತಿ ಹೊಡೆದ, ಮತ್ತೆ ತಡೆದಳು. ಹುಬ್ಬು ಗಂಟಿಕ್ಕಿ ಅವನು ಹಾಸ್ಟೆಲ್ಲಿನ ದಿನಗಳಲ್ಲಿ ಆಡಿದವನ ಹಾಗೆ ಮೇಜಿಗೆ ಬಾಗಿದ. ಏನು ಮಾಡಿದರೂ ಆ ಕುದುರೆ ಎದ್ದು ಬಂದು ಅಡ್ಡ ನಿಲ್ಲುತ್ತಿತ್ತು.

"ಈಗ ರಾಜನ್ನ ಒಂದ ಮನಿ ಸರಸು," ಅಂದಳು ಸಂಘಮಿತ್ರಾ.

ಸರಿಸಿದ. ಅವಳು ಕೈ ಕಟ್ಟಿ ಕೂತಳು. "ನನ್ನ ಕಡಿಗಿಂದ ಈಗ ನೀನ ಆಡು. ಉಳಿಸು ನನ್ನ."

ಅವನು ಹಲಗೆಯನ್ನು ತನ್ನ ಕಡೆ ತಿರುಗಿಸಿಕೊಂಡು ಮಗಳನ್ನು ಉಳಿಸಲು ನೋಡಿದ. ಒಂದು ಕಾಯಿ ಎತ್ತಿದ, ಇಟ್ಟ. ಇನ್ನೊಂದು ಎತ್ತಿದ, ಅದನ್ನೂ ಇಟ್ಟ. ಚಹಾ ಆರಿ ಕೆನೆಗಟ್ಟಿತು. ಬಹಳ ಹೊತ್ತಿನ ಮೇಲೆ ಅವನು ಹಲಗೆಯಿಂದ ಎರಡೂ ಕೈ ಹಿಂದೆ ತಗೊಂಡ, ಬಿಸಿ ಏನನ್ನೋ ಮುಟ್ಟಿದವನ ಹಾಗೆ.

"ಯವ್ವಾ," ಅಂದ, ತನಗೇ ಕೇಳಿಸುವಷ್ಟು. "ಏಳನೇತ್ತ ಹುಡುಗಿ."

ಮುಧೋಳದ ಬಸ್ಸು ಬಂದು ನಿಂತಿತು. ಕಂಡಕ್ಟರ್ ಕೂಗಿ ಕೂಗಿ ಜನ ಹತ್ತಿಸಿಕೊಂಡು ಹೊರಟ. ಸಂಘಮಿತ್ರಾ ಅದು ಹೋಗುವುದನ್ನು ನೋಡಿದಳು. ಹಲಗೆಯಿಂದ ಕಣ್ಣೆತ್ತದ ಅಪ್ಪನಿಗೆ ಹೇಳಲಿಲ್ಲ.